ಕೆಲಸ ಎಂದು ಮುಗಿದೀತು? ಯಂತ್ರ ಹೇಳುವ ಭವಿಷ್ಯದ ಬಗ್ಗೆ ಒಂದು ಜಿಜ್ಞಾಸೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಮಾಡಿದ ನಮ್ಮ ಹಿರಿಯರು ತಂತ್ರಾಂಶವನ್ನು, ಅಂದರೆ ಸಾಫ್ಟ್‌ವೇರನ್ನು, ಕಂಡವರಲ್ಲ. ಕಂಡಿದ್ದರೆ ಆ ಗಾದೆಗೆ ಮೂರನೆಯದೊಂದು ತುಂಡು ಸೇರುತ್ತಿತ್ತೇನೋ! ‘ದೀಪಾವಳಿಗೆ ಗೃಹಪ್ರವೇಶ ಮಾಡಿಬಿಡಿ ಸ್ವಾಮಿ’ ಎಂದು ಧೈರ್ಯ ಹೇಳಿದ ಮೇಸ್ತ್ರಿಯು ಯುಗಾದಿಯಾದರೂ ತಾರಸಿ ಹಾಕದಿರುವುದು ನಮಗೆಲ್ಲ ತಿಳಿದ ಸಂಗತಿ. ಆದರೆ ಅಲ್ಲಿ ಗೋಡೆ ಎಷ್ಟು ಎದ್ದಿದೆ ಎಂಬುದಾದರೂ ಕಣ್ಣಿಗೆ ಕಾಣುತ್ತದೆ. ತಂತ್ರಾಂಶದಲ್ಲಿ ಆ ಭಾಗ್ಯವೂ ಇಲ್ಲ. ತೊಂಬತ್ತು ಭಾಗ ಮುಗಿದಿದೆ ಎಂದು ಹೇಳಲಾದ ಕೆಲಸ ಮುಂದಿನ ತಿಂಗಳೂ ತೊಂಬತ್ತು ಭಾಗದಲ್ಲಿಯೇ ನಿಂತಿರುತ್ತದೆ ಎಂದು ಆ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ನಗುತ್ತಾ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಈ ಪುಟವನ್ನು ಓದುವವರಲ್ಲಿ ಅರ್ಧದಷ್ಟು ಮಂದಿ ಇಂದು ಅದೇ ವೃತ್ತಿಯಲ್ಲಿದ್ದೀರಿ. ಕಪ್ಪುಹಲಗೆಯ ಮುಂದೆ ನಿಂತು ಪ್ರಮೇಯ ಸಾಧಿಸಲು ಬೆವರಿಳಿಸುತ್ತಿದ್ದವರು ಈಗ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿಯೂ ಕಡಲಾಚೆಯ ಊರುಗಳಲ್ಲಿಯೂ ಕುಳಿತು ದೊಡ್ಡ ದೊಡ್ಡ ಯೋಜನೆಗಳ ಹೊಣೆ ಹೊತ್ತಿದ್ದೀರಿ. ಉಳಿದವರು ಅವರ ತಂದೆತಾಯಂದಿರು, ನನ್ನ ಬಂಧುಗಳು. ಆದ್ದರಿಂದ ಇಬ್ಬರಿಗೂ ತಿಳಿಯುವಂತೆ ಬರೆಯುವ ಪ್ರಯತ್ನ ಮಾಡುತ್ತೇನೆ. ವಿಷಯವಿಷ್ಟೇ: ಒಂದು ಯೋಜನೆಯ ನೂರಾರು ಸಣ್ಣ ಕೆಲಸಗಳಲ್ಲಿ ಯಾವುದು ಹೇಳಿದ ದಿನಕ್ಕೆ ಮುಗಿಯಲಾರದು ಎಂಬುದನ್ನು ಮುಂಚಿತವಾಗಿಯೇ ಗಣಕಯಂತ್ರದಿಂದ ಹೇಳಿಸುವ ಪದ್ಧತಿ ಈಗ ಕಚೇರಿಗಳಿಗೆ ಬರುತ್ತಿದೆ. ಇದು ಒಳ್ಳೆಯದೇ? ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಕೆಲಸದ ಬಗ್ಗೆ ಯಂತ್ರ ಹೇಳುವ ಭವಿಷ್ಯವನ್ನು ಕಿವಿಗೊಟ್ಟು ಕೇಳಬೇಕು. ಕೆಲಸ ಮಾಡುವವನ ಮೇಲೆ ಅದನ್ನು ತೀರ್ಪಾಗಿ ಬಳಸಕೂಡದು. ಏಕೆ ಎಂಬುದು ಮುಂದಿನ ವಿವರಣೆ.

ತಂತ್ರಾಂಶ ತಡವಾಗುವುದು ಇಂದು ನಿನ್ನೆಯ ರೋಗವಲ್ಲ. 1960ರ ದಶಕದಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ‘ಓಎಸ್/360’ ಎಂಬ ಬೃಹತ್ ತಂತ್ರಾಂಶವನ್ನು ಕಟ್ಟುವಾಗ ಅದರ ಹೊಣೆ ಹೊತ್ತಿದ್ದವರು ಫ್ರೆಡ್ ಬ್ರೂಕ್ಸ್. ಅದು ಹೇಳಿದ ಕಾಲಕ್ಕೆ ಮುಗಿಯಲಿಲ್ಲ. ಆ ಅನುಭವದಿಂದ ಅವರು 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕ ಬರೆದರು. ತಡವಾದ ಯೋಜನೆಗೆ ಆಳುಗಳನ್ನು ಹೆಚ್ಚಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬ ಅವರ ಅನುಭವದ ಮಾತಿಗೆ ‘ಬ್ರೂಕ್ಸ್ ನಿಯಮ’ ಎಂದೇ ಹೆಸರಾಯಿತು. ಗಣಿತದ ಮೇಷ್ಟ್ರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಐದು ಜನರಿದ್ದರೆ ಅವರೊಳಗೆ ಮಾತುಕತೆಯ ಜೋಡಿಗಳು ಹತ್ತು. ಹತ್ತು ಜನರಾದರೆ ನಲವತ್ತೈದು. ಜನ ಇಮ್ಮಡಿಯಾದರೆ ಹೇಳಿ ಕೇಳಿ ತಿಳಿಯಬೇಕಾದದ್ದು ನಾಲ್ಕು ಮಡಿಗೂ ಮೀರುತ್ತದೆ. ಹೊಸಬರಿಗೆ ಕೆಲಸ ಕಲಿಸುವ ಹೊರೆಯೂ ಹಳಬರ ತಲೆಯ ಮೇಲೆಯೇ ಬೀಳುತ್ತದೆ.

ಆದರೆ ಕೆಲಸದ ಆರಂಭದಲ್ಲಿಯೇ ನಾವೇಕೆ ಇಷ್ಟು ಕಡಿಮೆ ದಿನಗಳನ್ನು ಹೇಳುತ್ತೇವೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಇಬ್ಬರು ಮನಶ್ಶಾಸ್ತ್ರಜ್ಞರು, ಡೇನಿಯಲ್ ಕಾನ್ಹೆಮನ್ ಮತ್ತು ಏಮೋಸ್ ಟ್ವರ್ಸ್ಕಿ. 1979ರಲ್ಲಿ ಅವರು ಇದಕ್ಕೆ ‘ಪ್ಲಾನಿಂಗ್ ಫ್ಯಾಲಸಿ’ ಎಂಬ ಹೆಸರಿಟ್ಟರು; ನಾವು ‘ಯೋಜನಾಭ್ರಮೆ’ ಎನ್ನೋಣ. ಕಾನ್ಹೆಮನ್ ಸ್ವತಃ ಅನುಭವಿಸಿದ ಪ್ರಸಂಗವೊಂದನ್ನು ತಮ್ಮ 2011ರ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಶಿಕ್ಷಕರಿಗೆ ಅದು ಬಹಳ ಹತ್ತಿರದ್ದು. ಏಕೆಂದರೆ ಅದು ಪಠ್ಯಪುಸ್ತಕ ಸಮಿತಿಯ ಕಥೆ. 1970ರ ದಶಕದಲ್ಲಿ ಇಸ್ರೇಲಿನ ಪ್ರೌಢಶಾಲೆಗಳಿಗಾಗಿ ಒಂದು ಹೊಸ ಪಠ್ಯ ಸಿದ್ಧವಾಗುತ್ತಿತ್ತು. ವರ್ಷದಷ್ಟು ಕಾಲ ಕೆಲಸ ಸಾಗಿದ ಮೇಲೆ, ಇದು ಮುಗಿಯಲು ಇನ್ನೆಷ್ಟು ಕಾಲ ಬೇಕೆಂದು ಎಲ್ಲ ಸದಸ್ಯರೂ ಪ್ರತ್ಯೇಕವಾಗಿ ಚೀಟಿಯಲ್ಲಿ ಬರೆದರು. ಎಲ್ಲರ ಉತ್ತರ ಎರಡು ವರ್ಷದ ಆಸುಪಾಸು. ಅನಂತರ ಕಾನ್ಹೆಮನ್ ಅವರು ಸಮಿತಿಯಲ್ಲಿದ್ದ ಪಠ್ಯಕ್ರಮ ತಜ್ಞರಾದ ಸೇಮೂರ್ ಫಾಕ್ಸ್ ಅವರನ್ನು, ‘ಇಂತಹ ಬೇರೆ ಸಮಿತಿಗಳಿಗೆ ಎಷ್ಟು ಕಾಲ ಹಿಡಿದಿತ್ತು?’ ಎಂದು ಕೇಳಿದರು. ಯೋಚಿಸಿ ಅವರು ಕೊಟ್ಟ ಉತ್ತರದ ಸಾರ ಇದು: ಸುಮಾರು ಶೇಕಡಾ 40ರಷ್ಟು ಸಮಿತಿಗಳು ಕೆಲಸವನ್ನು ಮುಗಿಸಲೇ ಇಲ್ಲ, ಮುಗಿಸಿದವಕ್ಕೆ ಏಳರಿಂದ ಹತ್ತು ವರ್ಷ ಹಿಡಿದಿತ್ತು. ವಿಚಿತ್ರವೆಂದರೆ, ಇಷ್ಟೆಲ್ಲ ತಿಳಿದಿದ್ದ ಫಾಕ್ಸ್ ಅವರೂ ತಮ್ಮ ಚೀಟಿಯಲ್ಲಿ ಬರೆದಿದ್ದುದು ಎರಡು ವರ್ಷದ ಆಸುಪಾಸಿನ ಸಂಖ್ಯೆಯನ್ನೇ! ಸಮಿತಿ ಆ ಎಚ್ಚರಿಕೆಯನ್ನು ಪಕ್ಕಕ್ಕಿಟ್ಟು ಮುಂದುವರಿಯಿತು. ಪುಸ್ತಕ ಮುಗಿದದ್ದು ಎಂಟು ವರ್ಷಗಳ ನಂತರ.

ವಿದ್ಯಾರ್ಥಿಗಳ ವಿಷಯದಲ್ಲಿಯೂ ಇಂತಹದೇ ಪರೀಕ್ಷೆ ನಡೆದಿದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು ‘ನಿಮ್ಮ ಪ್ರಬಂಧ ಎಷ್ಟು ದಿನಗಳಲ್ಲಿ ಮುಗಿದೀತು?’ ಎಂದು ಕೇಳಲಾಯಿತು. ಅವರು ಹೇಳಿದ ಸರಾಸರಿ ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಎಷ್ಟಾದೀತು ಎಂಬ ಪ್ರಶ್ನೆಗೆ ಬಂದ ಸರಾಸರಿ 49 ದಿನ. ನಿಜವಾಗಿ ಹಿಡಿದದ್ದು 55 ದಿನಗಳಿಗೂ ಹೆಚ್ಚು. ಅಂದರೆ ಅವರ ಅತ್ಯಂತ ಕೆಟ್ಟ ಊಹೆಯೂ ವಾಸ್ತವಕ್ಕಿಂತ ಸಿಹಿಯಾಗಿತ್ತು. ಎಲಿಯಾಹು ಗೋಲ್ಡ್‌ರಾಟ್ ಎಂಬುವರು 1997ರಲ್ಲಿ, ಸಮಯವಿದ್ದಷ್ಟು ಹೊತ್ತು ಸುಮ್ಮನಿದ್ದು ಕೊನೆಯ ಗಳಿಗೆಯಲ್ಲಿ ಧಾವಿಸುವ ಅಭ್ಯಾಸಕ್ಕೆ ‘ಸ್ಟೂಡೆಂಟ್ ಸಿಂಡ್ರೋಮ್’ ಎಂದೇ ಹೆಸರಿಟ್ಟರು. ಪರೀಕ್ಷೆಯ ಹಿಂದಿನ ರಾತ್ರಿ ನನ್ನ ಮನೆಯ ಜಗಲಿಯಲ್ಲಿ ಲಾಟೀನು ಹಿಡಿದು ಬಂದು ಕುಳಿತವರು ಈ ಸಾಲನ್ನು ಓದಿ ನಗುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಇನ್ನು ಯಂತ್ರದ ಮಾತಿಗೆ ಬರೋಣ. ತಂತ್ರಾಂಶ ಕಚೇರಿಗಳಲ್ಲಿ ಪ್ರತಿ ಸಣ್ಣ ಕೆಲಸಕ್ಕೂ ಒಂದು ‘ಟಿಕೆಟ್’ ಇರುತ್ತದೆ. ‘ಜಿರಾ’ದಂತಹ ತಂತ್ರಾಂಶದಲ್ಲಿ ಅದು ದಾಖಲಾಗುತ್ತದೆ. ಕೆಲಸವೇನು, ಯಾರಿಗೆ ವಹಿಸಿದೆ, ಎಂದು ಮುಗಿಯಬೇಕು, ಕೈಯಿಂದ ಕೈಗೆ ಎಷ್ಟು ಸಲ ದಾಟಿತು, ಅದಕ್ಕೆ ಮುಂಚೆ ಯಾವ ಕೆಲಸ ಮುಗಿಯಬೇಕು, ವಹಿಸಿಕೊಂಡವನ ಬಳಿ ಇನ್ನೆಷ್ಟು ಕೆಲಸ ಬಾಕಿ ಇದೆ ಎಂಬುದೆಲ್ಲ ಅದರಲ್ಲಿರುತ್ತದೆ. ಹೀಗೆ ಮುಗಿದುಹೋದ ಸಾವಿರಾರು ಟಿಕೆಟ್‌ಗಳನ್ನು, ಯಾವುದು ತಡವಾಯಿತು ಯಾವುದು ಆಗಲಿಲ್ಲ ಎಂಬ ಉತ್ತರದ ಸಮೇತ, ಯಂತ್ರದ ಮುಂದಿಡುತ್ತಾರೆ. ಯಂತ್ರ ಅದರಲ್ಲಿ ಹೊಂದಾಣಿಕೆಗಳನ್ನು ಹುಡುಕುತ್ತದೆ. ಮೂರು ಸಲ ಕೈ ಬದಲಾಯಿಸಿದ ಕೆಲಸ ಸಾಮಾನ್ಯವಾಗಿ ತಡವಾಗಿದೆ, ಶುಕ್ರವಾರ ಸಂಜೆ ತರಾತುರಿಯಲ್ಲಿ ಸೇರಿಸಿದ ಕೆಲಸ ತಡವಾಗಿದೆ, ಹೀಗೆ. 2001ರಲ್ಲಿ ಲಿಯೋ ಬ್ರೈಮನ್ ಅವರು ವಿವರಿಸಿದ ‘ರ್‍ಯಾಂಡಮ್ ಫಾರೆಸ್ಟ್’ ಎಂಬ ವಿಧಾನ ಇದಕ್ಕೆ ಬಳಕೆಯಲ್ಲಿದೆ. ಪಂಚಾಯಿತಿ ಕಟ್ಟೆಯ ಮೇಲೆ ನೂರು ಮಂದಿ ಹಿರಿಯರನ್ನು ಕೂರಿಸಿ, ಪ್ರತಿಯೊಬ್ಬರಿಗೂ ದಾಖಲೆಯ ಬೇರೆ ಬೇರೆ ಭಾಗವನ್ನಷ್ಟೇ ತೋರಿಸಿ, ಕೊನೆಗೆ ಎಲ್ಲರ ಮತ ಎಣಿಸಿದಂತೆ ಅದು. ನೂರರಲ್ಲಿ ಎಪ್ಪತ್ತು ಮಂದಿ ‘ತಡವಾಗುತ್ತದೆ’ ಎಂದರೆ ಆ ಟಿಕೆಟ್‌ನ ಮೇಲೆ ಕೆಂಪು ಗುರುತು ಮೂಡುತ್ತದೆ.

ಇದರ ಒಳ್ಳೆಯ ಗುಣವನ್ನು ಮರೆಯಬಾರದು. ಫಾಕ್ಸ್ ಅವರಿಗೆ ತಿಳಿದಿದ್ದರೂ ಚೀಟಿಯಲ್ಲಿ ಬರೆಯಲಾಗದ ಮಾತನ್ನು ಯಂತ್ರ ನಿಸ್ಸಂಕೋಚವಾಗಿ ಬರೆಯುತ್ತದೆ. ಅದಕ್ಕೆ ಆರಂಭದ ಉತ್ಸಾಹವಿಲ್ಲ, ಮೇಲಧಿಕಾರಿಯ ಭಯವಿಲ್ಲ, ‘ಆಗುವುದಿಲ್ಲ ಎಂದರೆ ಏನಂದುಕೊಂಡಾರೋ’ ಎಂಬ ದಾಕ್ಷಿಣ್ಯವಿಲ್ಲ. ಇಂತಹ ಕೆಲಸಕ್ಕೆ ಹಿಂದೆ ಎಷ್ಟು ಕಾಲ ಹಿಡಿದಿತ್ತು ಎಂದು ಹೊರಗಿನಿಂದ ನೋಡುವ ಕಣ್ಣು ಅದರದ್ದು. ಒಂದು ಕೆಲಸದ ವಿಳಂಬ ಅದಕ್ಕೆ ಅಂಟಿಕೊಂಡ ಮತ್ತೊಂದನ್ನು ಹೇಗೆ ಎಳೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಭವಿಷ್ಯ ಇನ್ನೂ ನಿಖರವಾಗುತ್ತದೆ ಎಂದು ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಂಗಡಿಗರೂ 2015ರಲ್ಲಿ ತೋರಿಸಿದರು. ಸರಪಳಿಯಲ್ಲಿ ಒಂದು ಕೊಂಡಿ ಜಗ್ಗಿದರೆ ಉಳಿದವೂ ಜಗ್ಗುತ್ತವೆ, ಸಹಜವೇ.

ಇಲ್ಲಿ ಮಾತ್ರ ಒಂದಿಷ್ಟು ಲೆಕ್ಕ ಮಾಡಲೇಬೇಕು. ‘ನಮ್ಮ ಯಂತ್ರ ನೂರಕ್ಕೆ ಎಂಬತ್ತೈದು ಸರಿ ಹೇಳುತ್ತದೆ’ ಎಂದು ಮಾರಲು ಬಂದವರು ಹೇಳಿದರೆ ತಲೆದೂಗುವ ಮುನ್ನ ಕಾಗದ ಪೆನ್ನು ತೆಗೆದುಕೊಳ್ಳಿ. ನೂರು ಕೆಲಸಗಳಲ್ಲಿ ಇಪ್ಪತ್ತು ತಡವಾಗುತ್ತವೆ ಎಂದಿಟ್ಟುಕೊಳ್ಳೋಣ. ಏನನ್ನೂ ನೋಡದೆ ‘ಯಾವುದೂ ತಡವಾಗುವುದಿಲ್ಲ’ ಎಂದು ಕಣ್ಣು ಮುಚ್ಚಿ ಹೇಳುವವನೂ ನೂರಕ್ಕೆ ಎಂಬತ್ತು ಸರಿ! ಈಗ ಯಂತ್ರವು 25 ಕೆಲಸಗಳಿಗೆ ಕೆಂಪು ಗುರುತು ಹಾಕಿತು. ಅವುಗಳಲ್ಲಿ 15 ನಿಜವಾಗಿ ತಡವಾದವು ಎನ್ನೋಣ. ತಡವಾದ ಇಪ್ಪತ್ತರಲ್ಲಿ ಹದಿನೈದನ್ನು ಅದು ಹಿಡಿಯಿತು; ಐದು ತಪ್ಪಿಸಿಕೊಂಡವು. ಗುರುತಿಲ್ಲದ 75ರಲ್ಲಿ 70 ಸಕಾಲಕ್ಕೆ ಮುಗಿದವು. ಒಟ್ಟು ಸರಿಯುತ್ತರ 15 ಮತ್ತು 70, ಅಂದರೆ 85. ಎಂಬತ್ತಕ್ಕೂ ಎಂಬತ್ತೈದಕ್ಕೂ ದೊಡ್ಡ ವ್ಯತ್ಯಾಸ ಕಾಣದು; ಆದರೆ ಮೊದಲನೆಯವನು ಒಂದು ವಿಳಂಬವನ್ನೂ ಹಿಡಿಯಲಿಲ್ಲ, ಯಂತ್ರ ಮುಕ್ಕಾಲು ಪಾಲು ಹಿಡಿಯಿತು. ಆದ್ದರಿಂದ ಅದು ಉಪಯುಕ್ತವೇ. ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಿ. ಕೆಂಪು ಗುರುತು ಬಿದ್ದ 25ರಲ್ಲಿ 10 ಕೆಲಸಗಳು, ಅಂದರೆ ಶೇಕಡಾ 40, ಸಕಾಲಕ್ಕೇ ಮುಗಿದಿವೆ. ಗುರುತನ್ನು ನೋಡಿ ಸಹಾಯಕ್ಕೆ ಹೋದರೆ ಈ ಹತ್ತರಿಂದ ನಷ್ಟವೇನೂ ಇಲ್ಲ. ಗುರುತನ್ನು ನೋಡಿ ಶಿಕ್ಷೆ ಕೊಟ್ಟರೆ ಹತ್ತು ಮಂದಿಗೆ ಅನ್ಯಾಯ. ಸಂಖ್ಯೆ ಒಂದೇ, ಬಳಸುವ ರೀತಿಯಿಂದ ಅದರ ಅರ್ಥ ಬದಲಾಗುತ್ತದೆ.

ಪ್ರಶ್ನೆಪತ್ರಿಕೆ ಸೋರಿಕೆಗೆ ಸಮಾನವಾದ ಇನ್ನೊಂದು ದೋಷವೂ ಇಲ್ಲಿ ನುಸುಳುತ್ತದೆ. ಒಂದು ಟಿಕೆಟ್‌ನ ಕೆಳಗೆ ಜನ ಬರೆದ ಟಿಪ್ಪಣಿಗಳ ಸಂಖ್ಯೆ ಹೆಚ್ಚಿದ್ದರೆ ಅದು ತಡವಾಗುತ್ತದೆ ಎಂದು ಯಂತ್ರ ಕಲಿಯಿತು ಎನ್ನಿ. ಆದರೆ ಆ ಟಿಪ್ಪಣಿಗಳಲ್ಲಿ ಎಷ್ಟೋ ‘ಏಕೆ ಇನ್ನೂ ಮುಗಿದಿಲ್ಲ?’ ಎಂದು ವಿಳಂಬವಾದ ಮೇಲೆ ಬರೆದವು! ಹಳೆಯ ದಾಖಲೆಯ ಮೇಲೆ ಪರೀಕ್ಷಿಸಿದಾಗ ಯಂತ್ರಕ್ಕೆ ಒಳ್ಳೆಯ ಅಂಕ ಬರುತ್ತದೆ. ಇಂದು ಬೆಳಿಗ್ಗೆ ಹುಟ್ಟಿದ ಹೊಸ ಟಿಕೆಟ್‌ನ ಮುಂದೆ ಅದು ತಬ್ಬಿಬ್ಬಾಗುತ್ತದೆ. ಉತ್ತರವನ್ನು ಮೊದಲೇ ನೋಡಿ ಪ್ರಥಮ ದರ್ಜೆ ಪಡೆದ ಹುಡುಗ ಮುಂದಿನ ತರಗತಿಯಲ್ಲಿ ಕಂಗಾಲಾಗುವಂತೆ. ಆದ್ದರಿಂದ ಭವಿಷ್ಯ ಹೇಳುವ ಕ್ಷಣದಲ್ಲಿ ತಿಳಿದಿದ್ದ ಸಂಗತಿಗಳನ್ನು ಮಾತ್ರ ಕೊಟ್ಟು ಕಲಿಸಿದಿರಾ ಎಂಬುದು ಇಂತಹ ಯಂತ್ರ ಮಾಡಿದವರನ್ನು ಕೇಳಬೇಕಾದ ಮೊದಲ ಪ್ರಶ್ನೆ.

ಪಂಡಿತರ ನಡುವೆಯೇ ಇನ್ನೂ ಒಮ್ಮತವಿಲ್ಲ ಎಂಬುದನ್ನೂ ಹೇಳಬೇಕು. ಕೆಲಸಕ್ಕೆ ದಿನಗಳ ಬದಲು 1, 2, 3, 5, 8 ಎಂದು ತೂಕದ ಅಂಕ ಕೊಡುವ ಪದ್ಧತಿಯೊಂದಿದೆ. ಅದಕ್ಕೆ ‘ಸ್ಟೋರಿ ಪಾಯಿಂಟ್’ ಎನ್ನುತ್ತಾರೆ. ಕೆಲಸದ ವಿವರಣೆಯನ್ನು ಓದಿಯೇ ಈ ಅಂಕವನ್ನು ಹೇಳುವ ‘ಡೀಪ್-ಎಸ್‌ಇ’ ಎಂಬ ಯಂತ್ರವಿಧಾನವನ್ನು ಮೇಲೆ ಹೇಳಿದ ಸಂಶೋಧಕರೇ 16 ಯೋಜನೆಗಳ 23,313 ಟಿಕೆಟ್‌ಗಳ ಮೇಲೆ ಪರೀಕ್ಷಿಸಿ ಉತ್ತಮ ಫಲಿತಾಂಶ ತೋರಿಸಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2022ರಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದಾಗ, ಎಷ್ಟೋ ಯೋಜನೆಗಳಲ್ಲಿ ಸರಳವಾದ ಸರಾಸರಿ ಲೆಕ್ಕಕ್ಕಿಂತ ಅದು ಸ್ಪಷ್ಟವಾಗಿ ಮೇಲೆಂದು ಕಾಣಲಿಲ್ಲ. ಇದರಿಂದ ಯಾರನ್ನೂ ಹಗುರವಾಗಿ ಕಾಣಬೇಕಾಗಿಲ್ಲ. ಒಬ್ಬರು ಸಾಧಿಸಿದ್ದನ್ನು ಇನ್ನೊಬ್ಬರು ಮತ್ತೆ ಸಾಧಿಸಿ ನೋಡುವುದೇ ವಿಜ್ಞಾನದ ದಾರಿ. ಸಂಶೋಧಕರೇ ಇಷ್ಟು ಎಚ್ಚರದಿಂದ ಮಾತನಾಡುವಾಗ ಕಚೇರಿಯ ಗೋಡೆಯ ಮೇಲಿನ ಪರದೆಗೆ ಅಷ್ಟೊಂದು ಆತ್ಮವಿಶ್ವಾಸ ಎಲ್ಲಿಂದ ಬರಬೇಕು?

ನಾನು ಇಷ್ಟನ್ನೆಲ್ಲ ಓದಿ ಬರೆಯುವುದಕ್ಕೆ ಒಂದು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಕಂಪನಿಯಲ್ಲಿ ಒಂಬತ್ತು ಮಂದಿಯ ತಂಡವನ್ನು ನಡೆಸುತ್ತಾಳೆ. ಅವಳ ಹೆಸರೂ ಬೇಡ, ಕಂಪನಿಯ ಹೆಸರೂ ಬೇಡ. ಅಲ್ಲಿ ಇಂತಹ ಯಂತ್ರವನ್ನು ತಂದಿದ್ದಾರೆ. ಅವಳ ತಂಡದ ಒಬ್ಬ ಹುಡುಗನಿಗೆ ಯಾವ ಕೆಲಸ ವಹಿಸಿದರೂ ಕೆಂಪು ಗುರುತು ಬೀಳುತ್ತದೆ. ಕಾರಣ ವಿಚಾರಿಸಿದೆ. ಹತ್ತು ವರ್ಷಕ್ಕೂ ಹಳೆಯದಾದ, ಯಾರೂ ಮುಟ್ಟಲು ಹೆದರುವ ಒಂದು ತಂತ್ರಾಂಶದ ಭಾಗ ಅಲ್ಲಿದೆಯಂತೆ. ಅದನ್ನು ಬಲ್ಲವನು ಅವನೊಬ್ಬನೇ. ಆದ್ದರಿಂದ ಗಂಟು ಬಿದ್ದ ಕೆಲಸಗಳೆಲ್ಲ ಅವನ ಪಾಲಿಗೆ. ಅದೂ ಅಲ್ಲದೆ ಉಳಿದ ಎಂಟು ಮಂದಿ ಸಿಕ್ಕಿಕೊಂಡಾಗ ಅವನ ಮೇಜಿನ ಬಳಿಯೇ ಹೋಗಿ ನಿಲ್ಲುತ್ತಾರೆ. ಹಾಗೆ ಇನ್ನೊಬ್ಬರಿಗೆ ಕೊಟ್ಟ ಗಂಟೆಗಳಿಗೆ ಟಿಕೆಟ್ ಇಲ್ಲ. ಅವರ ಕೆಲಸ ಸಕಾಲಕ್ಕೆ ಮುಗಿಯುತ್ತದೆ, ಅವನದ್ದು ತಡವಾಗುತ್ತದೆ. ಈಗ ವಾರ್ಷಿಕ ಮೌಲ್ಯಮಾಪನದ ಕಾಲ. ಪ್ರತಿಯೊಬ್ಬರ ಹೆಸರಿನ ಮುಂದೆ ಯಂತ್ರದ ಸಂಖ್ಯೆಯನ್ನೂ ಲಗತ್ತಿಸಿ ಎಂದು ಮೇಲಿನಿಂದ ಆದೇಶ ಬಂದಿದೆ. ಪಟ್ಟಿಯ ಕೆಳತುದಿಯಲ್ಲಿದ್ದವರ ನೌಕರಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ‘ಸರ್, ಆ ಸಂಖ್ಯೆ ಸುಳ್ಳಲ್ಲ. ಅವನ ಕೆಲಸ ತಡವಾಗಿರುವುದು ನಿಜ. ಆದರೂ ಅದನ್ನು ಅವನ ಹೆಸರಿನ ಮುಂದೆ ಬರೆಯಲು ನನಗೆ ಕೈ ಬರುತ್ತಿಲ್ಲ’ ಎಂದಳು.

ಅವಳ ಸಂಕಟ ನಮ್ಮ ಮೇಷ್ಟ್ರುಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಶಿಕ್ಷಕರನ್ನು ಶೇಕಡಾವಾರು ಅಳೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಹಿಂದುಳಿದ ಮಕ್ಕಳ ‘ಸಿ’ ವಿಭಾಗವನ್ನು ನಂಬಿಕೆಯಿಟ್ಟು ಯಾರಿಗೆ ವಹಿಸುತ್ತಾರೋ ಆ ಶಿಕ್ಷಕನ ಶೇಕಡಾವಾರು ಎಲ್ಲರಿಗಿಂತ ಕೆಳಗಿರುತ್ತದೆ. ಕಷ್ಟದ ರೋಗಿಗಳು ಅರಸಿ ಬರುವ ವೈದ್ಯನ ಕೈಯಲ್ಲಿಯೇ ಸಾವು ಹೆಚ್ಚು. ಇದನ್ನು ಅರಿಯದೆ ಲೆಕ್ಕ ಹಾಕಿದರೆ ಒಳ್ಳೆಯ ವೈದ್ಯನೇ ಕೆಟ್ಟವನಾಗಿ ಕಾಣುತ್ತಾನೆ. ಯಂತ್ರಕ್ಕೆ ಎರಡು ಸಂಗತಿಗಳು ಜೊತೆಯಾಗಿ ಬರುವುದು ಕಾಣುತ್ತದೆ. ಯಾವುದರಿಂದ ಯಾವುದು ಆಯಿತೆಂಬುದು ಆ ದಾಖಲೆಯಲ್ಲಿ ಇಲ್ಲದಿದ್ದರೆ ಯಂತ್ರಕ್ಕೆ ತಿಳಿಯುವ ಬಗೆಯೇ ಇಲ್ಲ.

ನಾನಿದ್ದ ಹಳ್ಳಿಯ ಶಾಲೆಯಲ್ಲಿ ಆಷಾಢ ಬಂತೆಂದರೆ ಹಾಜರಿ ಪುಸ್ತಕ ಬರಿದಾಗುತ್ತಿತ್ತು. ನಾಟಿಯ ಕಾಲ, ಮಕ್ಕಳೂ ಗದ್ದೆಗಿಳಿಯುತ್ತಿದ್ದರು. ನಾಲ್ಕಾರು ವರ್ಷದ ಹಾಜರಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಮುಂದಿನ ವರ್ಷ ಯಾವ ವಾರ ಯಾರು ಬರುವುದಿಲ್ಲ ಎಂಬುದನ್ನು ಯಂತ್ರವಿಲ್ಲದೆಯೇ ಹೇಳಬಹುದಿತ್ತು. ನಮ್ಮ ಮುಖ್ಯೋಪಾಧ್ಯಾಯರು ಆ ತಿಳಿವಳಿಕೆಯನ್ನು ಬಳಸಿದ ಬಗೆ ನನಗೆ ಇಂದಿಗೂ ಮಾದರಿ. ಆ ಎರಡು ವಾರ ಹೊಸ ಪಾಠ ಬೇಡ, ಹಳೆಯದನ್ನು ಪುನರಾವರ್ತನೆ ಮಾಡಿ ಎಂದರು. ಬಂದವರಿಗೂ ಲಾಭವಾಯಿತು, ಬಾರದವರಿಗೂ ನಷ್ಟವಾಗಲಿಲ್ಲ. ಅದೇ ಪುಸ್ತಕವನ್ನು ಹಿಡಿದು ದಂಡ ಹಾಕಿದ್ದರೆ ಅರ್ಧ ಮಕ್ಕಳು ನಾಟಿ ಮುಗಿದ ಮೇಲೂ ಶಾಲೆಗೆ ಬರುತ್ತಿರಲಿಲ್ಲ.

ಹಿಂದಿನ ದಾಖಲೆಯಿಂದ ಮನುಷ್ಯರ ಹಣೆಬರಹ ಬರೆಯಹೊರಟರೆ ಏನಾಗುತ್ತದೆ ಎಂಬುದಕ್ಕೆ 2020ರಲ್ಲಿ ಇಂಗ್ಲೆಂಡ್ ಸಾಕ್ಷಿಯಾಯಿತು. ಕೊರೋನಾದಿಂದ ‘ಎ-ಲೆವೆಲ್’ ಪರೀಕ್ಷೆಗಳು ರದ್ದಾದಾಗ ಪರೀಕ್ಷಾ ನಿಯಂತ್ರಣ ಸಂಸ್ಥೆಯಾದ ಆಫ್‌ಕ್ವಾಲ್, ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನು ಆಧರಿಸಿದ ಒಂದು ಗಣಿತ ಸೂತ್ರದಿಂದ ದರ್ಜೆಗಳನ್ನು ನಿರ್ಧರಿಸಿತು. ಶಿಕ್ಷಕರು ಅಂದಾಜಿಸಿದ್ದ ದರ್ಜೆಗಳಲ್ಲಿ ಶೇಕಡಾ 40ರ ಸಮೀಪದಷ್ಟು ಕೆಳಗಿಳಿದವು. ಸಾಧಾರಣ ಶಾಲೆಯಲ್ಲಿ ಓದಿದ ಜಾಣ ಮಗುವಿಗೆ ತನ್ನ ಶಾಲೆಯ ಹಳೆಯ ಚರಿತ್ರೆಯೇ ಅಡ್ಡ ಬಂತು. ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಿದ್ದ ತರಗತಿಗಳಲ್ಲಿ ಶಿಕ್ಷಕರ ಅಂದಾಜಿಗೇ ಹೆಚ್ಚು ಬೆಲೆಯಿದ್ದುದರಿಂದ ಖಾಸಗಿ ಶಾಲೆಗಳಿಗೆ ಅನುಕೂಲವಾಯಿತು. ಆಗಸ್ಟ್ 13ರಂದು ಫಲಿತಾಂಶ ಬಂತು, ಮಕ್ಕಳು ಬೀದಿಗಿಳಿದರು, 17ರಂದು ಸೂತ್ರವನ್ನು ಕೈಬಿಟ್ಟರು. ಒಟ್ಟು ಸರಾಸರಿಯ ಮಟ್ಟಿಗೆ ಆ ಸೂತ್ರ ಹಿಂದಿನ ವರ್ಷಗಳಿಗೆ ಹೊಂದುತ್ತಿತ್ತು. ಆದರೆ ಯಾವ ಮಗುವೂ ಸರಾಸರಿಯಾಗಿ ಹುಟ್ಟುವುದಿಲ್ಲವಲ್ಲ!

ನನ್ನ ಅಕ್ಕನ ಮಗ ಇದನ್ನು ಒಪ್ಪುವುದಿಲ್ಲ. ಅವನೂ ಹೊರದೇಶದಲ್ಲಿ ಮ್ಯಾನೇಜರನೇ. ‘ಮಾವ, ಯಂತ್ರ ಬೇಡವೆಂದರೆ ಮತ್ತೆ ಮ್ಯಾನೇಜರ್ ತನ್ನ ಮೂಗಿನ ನೇರಕ್ಕೆ ಅಳೆಯುತ್ತಾನೆ. ತನ್ನ ಭಾಷೆಯವನು, ತನ್ನ ಜೊತೆ ಕಾಫಿಗೆ ಬರುವವನು ಮೇಲೆ ಹೋಗುತ್ತಾನೆ. ಅದಕ್ಕಿಂತ ಸಂಖ್ಯೆ ಮೇಲಲ್ಲವೇ?’ ಎಂದು ಕೇಳಿದ. ಮಾತಿನಲ್ಲಿ ಸತ್ಯವಿದೆ. ಮನುಷ್ಯರ ಪಕ್ಷಪಾತವನ್ನು ನಾನೂ ಕಂಡಿದ್ದೇನೆ. ಆದರೆ ಮನುಷ್ಯನ ತೀರ್ಪನ್ನು ‘ಏಕೆ ಸ್ವಾಮಿ?’ ಎಂದು ಕೇಳಲು ಒಬ್ಬ ವ್ಯಕ್ತಿಯಾದರೂ ಎದುರಿಗಿರುತ್ತಾನೆ. ಸಂಖ್ಯೆಯ ಹಿಂದೆ ನಿಂತ ಪಕ್ಷಪಾತಕ್ಕೆ ಮುಖವಿಲ್ಲ. ಹಿಂದೆ ಮ್ಯಾನೇಜರ್ ಯಾರಿಗೆ ಸುಲಭದ ಕೆಲಸ ಕೊಟ್ಟನೋ ಅವರ ದಾಖಲೆ ಚೆನ್ನಾಗಿರುತ್ತದೆ. ಆ ದಾಖಲೆಯಿಂದಲೇ ಯಂತ್ರ ಕಲಿಯುತ್ತದೆ. ಹಳೆಯ ಪಕ್ಷಪಾತವೇ ಹೊಸ ಅಂಗಿ ತೊಟ್ಟು ಬಂದಾಗ ಅದನ್ನು ಪ್ರಶ್ನಿಸುವುದು ಇನ್ನೂ ಕಷ್ಟ.

ಇಷ್ಟೇ ಅಲ್ಲ, ಅಳತೆಗೋಲು ಬೆತ್ತವಾದೊಡನೆ ದಾಖಲೆಯೇ ಕೆಡುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ 1975ರಿಂದ ಪ್ರಸಿದ್ಧವಾದ ನಿಯಮದ ತಿರುಳು ಇದು. ಕೆಂಪು ಗುರುತಿನಿಂದ ಸಂಬಳ ಕಡಿಮೆಯಾಗುತ್ತದೆ ಎಂದು ತಿಳಿದ ದಿನವೇ ಮೂರು ದಿನದ ಕೆಲಸಕ್ಕೆ ಜನ ಆರು ದಿನ ಹೇಳುತ್ತಾರೆ. ಪರೀಕ್ಷಿಸದೆಯೇ ಟಿಕೆಟ್ ಮುಚ್ಚಿ, ದೋಷ ಕಂಡಾಗ ಹೊಸ ಟಿಕೆಟ್ ತೆರೆಯುತ್ತಾರೆ. ಗಂಟು ಬಿದ್ದ ಕೆಲಸವನ್ನು ಯಾರೂ ಮುಟ್ಟುವುದಿಲ್ಲ. ಇನ್ನೊಬ್ಬರ ಮೇಜಿಗೆ ಹೋಗಿ ಸಹಾಯ ಮಾಡುವುದೂ ನಿಲ್ಲುತ್ತದೆ. ಆಮೇಲೆ ಯಂತ್ರ ಕಲಿಯುವುದು ಈ ನಾಟಕವನ್ನೇ. ತಿರುಗಿ ನೋಡಿದರೆ ಇನ್ನೊಂದು ಸ್ವಾರಸ್ಯವಿದೆ. ಎಚ್ಚರಿಕೆಯನ್ನು ಕೇಳಿ, ಸಹಾಯ ಮಾಡಿ, ಕೆಲಸ ಸಕಾಲಕ್ಕೆ ಮುಗಿದರೆ ಯಂತ್ರದ ಭವಿಷ್ಯ ಸುಳ್ಳಾಯಿತೆಂದು ದಾಖಲಾಗುತ್ತದೆ! ಲಸಿಕೆ ಹಾಕಿಸಿದ ಊರಿನಲ್ಲಿ ರೋಗ ಬರಲಿಲ್ಲವಾದ್ದರಿಂದ ಲಸಿಕೆಯೇ ಬೇಕಿರಲಿಲ್ಲ ಎಂದಂತೆ. ಆದ್ದರಿಂದ ಭವಿಷ್ಯದ ಜೊತೆಗೆ, ಅದನ್ನು ಕೇಳಿ ನಾವೇನು ಮಾಡಿದೆವು ಎಂಬುದನ್ನೂ ಬರೆದಿಡುವುದು ಅಗತ್ಯ.

ಭವಿಷ್ಯ ತಿಳಿದ ಮಾತ್ರಕ್ಕೆ ವಿಳಂಬ ತಪ್ಪುತ್ತದೆ ಎಂಬುದೂ ಭ್ರಮೆಯೇ. ಅಮೆರಿಕದ ಡೆನ್ವರ್ ನಗರದ ಹೊಸ ವಿಮಾನನಿಲ್ದಾಣ 1993ರ ಅಕ್ಟೋಬರ್‌ನಲ್ಲಿ ತೆರೆಯಬೇಕಿತ್ತು. ಪ್ರಯಾಣಿಕರ ಸಾಮಾನುಗಳನ್ನು ಗಣಕಯಂತ್ರದ ಆಜ್ಞೆಯಂತೆ ತಾನಾಗಿಯೇ ಸಾಗಿಸುವ ವ್ಯವಸ್ಥೆ ಕೈಕೊಟ್ಟಿತು. ಪ್ರಾಯೋಗಿಕ ಓಟದಲ್ಲಿ ಪೆಟ್ಟಿಗೆಗಳು ಹರಿದು ಚೆಲ್ಲಾಪಿಲ್ಲಿಯಾದವು. ನಿಲ್ದಾಣ ತೆರೆದದ್ದು 1995ರ ಫೆಬ್ರುವರಿ 28ರಂದು, ಹದಿನಾರು ತಿಂಗಳು ತಡವಾಗಿ. 2005ರಲ್ಲಿ ಆ ವ್ಯವಸ್ಥೆಯನ್ನು ಪೂರ್ತಿಯಾಗಿ ಕೈಬಿಟ್ಟರು. ಇಷ್ಟು ಜಟಿಲವಾದದ್ದು ಈ ಅವಧಿಯಲ್ಲಿ ಸಾಧ್ಯವಿಲ್ಲ ಎಂಬ ಎಚ್ಚರಿಕೆಯನ್ನು ತಿಳಿದವರು ಆರಂಭದಲ್ಲಿಯೇ ಕೊಟ್ಟಿದ್ದರು. ಕೇಳುವ ಮನಸ್ಸು ಇರಲಿಲ್ಲ. ನಮ್ಮ ಕಚೇರಿಗಳಲ್ಲಿಯೂ ಹೀಗೆಯೇ. ಗ್ರಾಹಕನಿಗೆ ದಿನಾಂಕವನ್ನು ಮೊದಲು ಮಾತುಕೊಟ್ಟು, ಆಮೇಲೆ ಕೆಲಸ ಮಾಡುವವರನ್ನು ‘ಎಷ್ಟು ದಿನ ಬೇಕು?’ ಎಂದು ಕೇಳುವ ಪದ್ಧತಿ ಇರುವವರೆಗೆ ಯಾವ ಯಂತ್ರವೂ ಏನೂ ಮಾಡಲಾರದು.

ಹಾಗಾದರೆ ಏನು ಮಾಡಬೇಕು? ನನ್ನ ವಿದ್ಯಾರ್ಥಿನಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಮೊದಲನೆಯದಾಗಿ, ಭವಿಷ್ಯದ ಸಂಖ್ಯೆಯನ್ನು ಟಿಕೆಟ್‌ನ ಮೇಲೆ ಇಡಲಿ, ವ್ಯಕ್ತಿಯ ಹೆಸರಿನ ಮುಂದೆ ಬೇಡ. ಎರಡನೆಯದಾಗಿ, ಆ ಗುರುತು ಕೆಲಸ ಮಾಡುವವನ ಕಣ್ಣಿಗೆ ಮೊದಲು ಬೀಳಲಿ. ಅದರ ಪಕ್ಕದಲ್ಲಿ ಕಾರಣ ಬರೆಯಲು ಅವನಿಗೆ ಜಾಗವಿರಲಿ. ‘ಇನ್ನೊಂದು ತಂಡದಿಂದ ಉತ್ತರ ಬರಬೇಕಾಗಿದೆ’ ಎಂಬ ಒಂದು ಸಾಲು ಸಾವಿರ ಲೆಕ್ಕಕ್ಕೆ ಸಮ. ಮೂರನೆಯದಾಗಿ, ಕೆಂಪು ಗುರುತು ಕಂಡಾಗ ಮ್ಯಾನೇಜರ್ ಕೇಳಬೇಕಾದ ಪ್ರಶ್ನೆ ‘ನಿನಗೇನು ಬೇಕು?’ ಎಂಬುದು. ಕೆಲಸವನ್ನು ಚಿಕ್ಕದು ಮಾಡುವುದೋ, ಬೇರೆ ಹೊರೆ ಇಳಿಸುವುದೋ, ಗ್ರಾಹಕನಿಗೆ ಇಂದೇ ನಿಜ ಹೇಳುವುದೋ, ಇವುಗಳಲ್ಲಿ ಒಂದಾದರೂ ಆಗಬೇಕು. ನಾಲ್ಕನೆಯದಾಗಿ, ಆರು ತಿಂಗಳಿಗೊಮ್ಮೆ ಯಂತ್ರದ ಉತ್ತರಪತ್ರಿಕೆಯನ್ನೂ ತಿದ್ದಬೇಕು. ಎಷ್ಟು ಹಿಡಿಯಿತು, ಎಷ್ಟು ಸುಮ್ಮನೆ ಹೆದರಿಸಿತು, ಯಾರ ಕೆಲಸಗಳ ಮೇಲೆ ಹೆಚ್ಚಾಗಿ ಹೆದರಿಸಿತು ಎಂದು ನೋಡಬೇಕು. ಮಕ್ಕಳಿಗೆಲ್ಲ ಪರೀಕ್ಷೆ ಇರುವಾಗ ಇದಕ್ಕೇಕೆ ವಿನಾಯಿತಿ?

ಅವಳು ಹುಡುಗನ ಹೆಸರಿನ ಮುಂದೆ ಸಂಖ್ಯೆಯನ್ನು ಹಾಕಲಿಲ್ಲ. ಬದಲಿಗೆ ಒಂದು ವರ್ಷದಲ್ಲಿ ತಡವಾದ ಅವನ ಪ್ರತಿ ಕೆ‌ಲಸದ ಕಾರಣವನ್ನೂ, ಅವನು ಬಿಡಿಸಿಕೊಟ್ಟ ಇತರರ ಕೆಲಸಗಳ ಪಟ್ಟಿಯನ್ನೂ ಎರಡು ಪುಟದಲ್ಲಿ ಬರೆದು ಮೇಲಕ್ಕೆ ಕಳಿಸಿದ್ದಾಳೆ. ಇದರಿಂದ ಅವಳಿಗೇ ತೊಂದರೆಯಾಗಬಹುದೆಂದು ಅವಳಿಗೂ ಗೊತ್ತು. ಉತ್ತರ ಇನ್ನೂ ಬಂದಿಲ್ಲ.

ನಿಮ್ಮಲ್ಲಿ ಕೆಲವರು ಇಂತಹ ಯಂತ್ರಗಳನ್ನು ಕಟ್ಟುತ್ತಿದ್ದೀರಿ, ಕೆಲವರು ಕೊಳ್ಳುವ ನಿರ್ಧಾರ ಮಾಡುತ್ತಿದ್ದೀರಿ, ಬಹಳ ಮಂದಿ ಅದರ ಅಳತೆಗೆ ಒಳಗಾಗುತ್ತಿದ್ದೀರಿ. ಮೂರೂ ಗುಂಪಿನವರು ನಾನು ಕಲಿಸಿದ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕುಳಿತಿದ್ದವರು ಎಂಬುದನ್ನು ನೆನಪಿಟ್ಟುಕೊಳ್ಳಿ. ಲೆಕ್ಕದ ಉತ್ತರ ಸರಿಯಿದ್ದರೂ ಮಾಡಿದ ಕ್ರಮ ಬರೆಯದವರಿಗೆ ನಾನು ಪೂರ್ಣಾಂಕ ಕೊಡುತ್ತಿರಲಿಲ್ಲ. ಯಂತ್ರ ‘ಶೇಕಡಾ ಎಪ್ಪತ್ತು’ ಎಂದಾಗಲೂ ಕ್ರಮವನ್ನು ಕೇಳಿ. ನಿಮ್ಮ ಕಚೇರಿಯ ಅನುಭವ ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೆ ಅದನ್ನೂ ಸಂಕೋಚವಿಲ್ಲದೆ ಬರೆಯಿರಿ. ಓದಿ ತಿಳಿಯಲು ನನಗೆ ಈಗ ಸಮಯ ಧಾರಾಳವಾಗಿದೆ.